ಆರನೇ ಪ್ಯಾರಾಕ್ಕೆ ನನ್ನ ಸಹಿ ಇಲ್ಲ

ತುಮಕೂರು
ಭಾನುವಾರ, 18 ನವೆಂಬರ್ 2007

ಅಡ್ವೋಕೇಟ್ ಹನುಮಂತರಾಜು ಅವರಿಗೆ,

ಬಹುವಚನ ಈ ಮೇಲಿನ ಒಂದು ಸಾಲಿಗೆ ಮಾತ್ರ. ಅದು ನಿನ್ನ ಆಫೀಸಿನ ಬೋರ್ಡಿಗೆ ಕೊಟ್ಟ ಮರ್ಯಾದೆ. ಇನ್ನು ಮುಂದೆ ಎಂದಿನ ಹಾಗೆ ಏಕವಚನವೇ. ಕಡಬದಲ್ಲಿ ನಮ್ಮ ಮನೆಗೂ ನಿಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ನಿನಗಿಂತ ಹನ್ನೆರಡು ವರ್ಷ ದೊಡ್ಡವಳು, ನೀನು ನನ್ನನ್ನು ಬಾಯಿತುಂಬ ಅಕ್ಕ ಎಂದು ಕರೆದವನು. ಆ ಸಲಿಗೆಯಲ್ಲೇ ಬಯ್ಯಲು ಕೂತಿದ್ದೇನೆ. ಪೂರ್ತಿ ಓದು. ನೀನು ಬರೆದ ಪತ್ರಗಳಿಗೆ ಜನ ಓದದೆ ಸಹಿ ಹಾಕುತ್ತಾರಲ್ಲ, ಹಾಗೆ ಇದನ್ನು ಓದದೆ ಮಡಿಸಿ ಇಡಬೇಡ.

ಶುಕ್ರವಾರ ನಿನ್ನ ಗುಮಾಸ್ತರು ಬಂದು ಒಂದು ಕಂದು ಕವರು ಕೊಟ್ಟುಹೋದರು. ಒಳಗೆ ನನ್ನ ಹೆಸರಿನಲ್ಲಿ ಟೈಪಾದ ನಾಲ್ಕು ಹಾಳೆಯ ಪ್ರಮಾಣಪತ್ರ. ಬರುವ ಗುರುವಾರ ಕೋರ್ಟಿನಲ್ಲಿ ನಾನು ಹೇಳಬೇಕಾದ ಸಾಕ್ಷಿಯನ್ನು ನೀನೇ ಬರೆದು ಮುಗಿಸಿಬಿಟ್ಟಿದ್ದೀಯ. ನಾನು ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಇಂಟು ಮಾರ್ಕು. ಮೊದಲ ಐದು ಪ್ಯಾರಾ ಸರಿಯಾಗಿಯೇ ಇವೆ. ನನಗೆ ಅರವತ್ತೆರಡು ವರ್ಷ, ನಾನು ನಿವೃತ್ತ ನರ್ಸು, ಶಿರಾ ಗೇಟಿನ ಹತ್ತಿರದ ಈ ಮನೆಯನ್ನು 1998ರಲ್ಲಿ ದ್ಯಾವಪ್ಪನಿಂದ ಕ್ರಯಕ್ಕೆ ಕೊಂಡೆ, ಅಂದಿನಿಂದ ಮಗಳ ಜೊತೆ ಇಲ್ಲೇ ಇದ್ದೇನೆ. ಎಲ್ಲ ನಿಜ. ಆರನೇ ಪ್ಯಾರಾಕ್ಕೆ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು.

‘ಸದರಿ ಮನೆಯ ಗೃಹಪ್ರವೇಶದ ದಿವಸ ವಾದಿ ನರಸಮ್ಮನವರು ಖುದ್ದು ಹಾಜರಿದ್ದು, ಊಟ ಮಾಡಿ, ಅರಿಶಿನ ಕುಂಕುಮ ಸ್ವೀಕರಿಸಿ, ತಮ್ಮ ಮದುವೆಯಲ್ಲಿ ಒಡವೆ ಕೊಟ್ಟಿರುವ ಕಾರಣ ಸದರಿ ಸ್ವತ್ತಿನಲ್ಲಿ ಯಾವುದೇ ಹಕ್ಕು ಬೇಡವೆಂದು ನನ್ನ ಸಮಕ್ಷಮ ಹೇಳಿರುತ್ತಾರೆ.’

ಎಷ್ಟು ಚೆನ್ನಾಗಿ ಬರೆದಿದ್ದೀಯ! ಊಟಕ್ಕೆ ಏನು ಮಾಡಿಸಿದ್ದೆ ಅನ್ನುವುದನ್ನೂ ಸೇರಿಸಬೇಕಾಗಿತ್ತು. ಗೃಹಪ್ರವೇಶದ ದಿನ ಬಡಿಸಿದವಳು ನಾನು. ಯಾವ ಪಂಕ್ತಿಯಲ್ಲಿ ಯಾರು ಕೂತಿದ್ದರು ಅಂತ ಇವತ್ತಿಗೂ ಹೇಳಬಲ್ಲೆ. ನೀನು ಮೊದಲ ಪಂಕ್ತಿಯಲ್ಲಿ ಕೂತು ಎರಡು ಸಲ ಹೋಳಿಗೆ ಹಾಕಿಸಿಕೊಂಡೆ. ನರಸಮ್ಮ ಬಂದಿರಲಿಲ್ಲ. ದ್ಯಾವಪ್ಪನ ಒಡಹುಟ್ಟಿದ ತಂಗಿಯ ಮುಖವನ್ನು ನಾನು ಮೊದಲು ಕಂಡದ್ದು ಅದಾಗಿ ಏಳು ವರ್ಷಕ್ಕೆ, ತುಮಕೂರಿನ ಕೋರ್ಟಿನ ವರಾಂಡದಲ್ಲಿ. ನಮ್ಮಪ್ಪನ ಮನೆಯಲ್ಲಿ ನನಗೂ ಅರ್ಧ ಇದೆ, ನನ್ನನ್ನು ಕೇಳದೆ ಮಾರಿದ್ದಾರೆ ಎಂದು ಅವಳು ದ್ಯಾವಪ್ಪನ ಮೇಲೂ ನನ್ನ ಮೇಲೂ ದಾವೆ ಹಾಕಿದ್ದಳು.

ಸುಳ್ಳು ಒಂದೇ ಆಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. 1998ರಲ್ಲಿ ನೀನೇ ಬರೆದ ಕ್ರಯಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಪಕ್ಕದಲ್ಲಿ ಇಟ್ಟುಕೊಂಡು ಓದಿದೆ. ಅದರ ಎರಡನೇ ಪುಟದಲ್ಲಿ ದ್ಯಾವಪ್ಪನ ಬಾಯಲ್ಲಿ ನೀನು ಹೇಳಿಸಿದ್ದೀಯ: ‘ದಿವಂಗತ ಕದರಯ್ಯನವರಿಗೆ ನಾನೊಬ್ಬನೇ ವಾರಸುದಾರನಾಗಿದ್ದು, ನನ್ನ ಹೊರತು ಬೇರೆ ಗಂಡು ಅಥವಾ ಹೆಣ್ಣು ಸಂತಾನ ಇರುವುದಿಲ್ಲ.’ ಅವತ್ತು ಹುಟ್ಟೇ ಇಲ್ಲದಿದ್ದವಳು ಅದೇ ತಿಂಗಳು ನನ್ನ ಮನೆಗೆ ಬಂದು ಉಂಡು ಹೋದಳೇ ಹನುಮಂತರಾಜು? ಒಂದೇ ಮನೆಯ ಕಾಗದ, ಬರೆದ ಕೈಯೂ ಒಂದೇ. ಒಂದು ಕಡೆ ಅವಳು ಇಲ್ಲ, ಇನ್ನೊಂದು ಕಡೆ ಅವಳು ಅರಿಶಿನ ಕುಂಕುಮ ತಗೊಂಡು ನಿಂತಿದ್ದಾಳೆ. ನಿನಗೆ ಬೇಡವಾದಾಗ ಅಳಿಸಿ ಬೇಕಾದಾಗ ಬರೆದುಕೊಳ್ಳಲು ಅವಳೇನು ಸ್ಲೇಟಿನ ಮೇಲಿನ ಲೆಕ್ಕವೇ?

ನಾನು ನಿನ್ನ ಹತ್ತಿರ ಯಾಕೆ ಬಂದೆ ಅಂತ ಸ್ವಲ್ಪ ನೆನಪು ಮಾಡಿಕೋ. ಆ ಹೊತ್ತಿಗಾಗಲೇ ಇಪ್ಪತ್ತೆಂಟು ವರ್ಷ ಗುಬ್ಬಿ ತಾಲ್ಲೂಕಿನಲ್ಲಿ ಸರ್ಕಾರಿ ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಗಂಟು ಹೊತ್ತವಳು ನಾನು. ವರ್ಗವಾದಾಗಲೆಲ್ಲ ಮೊದಲು ದೇವರ ಪಟ ಇಳಿಸುವುದು, ಆಮೇಲೆ ಒಲೆ. ಬಿಂದುಶ್ರೀಗೆ ಹನ್ನೊಂದು ವರ್ಷವಿದ್ದಾಗ ಅವಳ ಅಪ್ಪ ತೀರಿಕೊಂಡರು. ಅವತ್ತಿನಿಂದ ನನಗೆ ಇದ್ದ ಆಸೆ ಒಂದೇ. ಖಾಲಿ ಮಾಡಿ ಎಂದು ಯಾರೂ ಹೇಳಲಾಗದ ಒಂದು ಮನೆ. ಎರಡು ಕೋಣೆಯಾದರೂ ಸರಿ, ಗೋಡೆಗೆ ನಾನು ಮೊಳೆ ಹೊಡೆದರೆ ಕೇಳುವವರು ಇರಬಾರದು. ಅಂಥ ಮನೆ ಸಿಕ್ಕಿತು ಎಂದು ಗೊತ್ತಾದಾಗ ಕಾಗದ ಪತ್ರ ನೋಡಲು ಒಬ್ಬ ಲಾಯರು ಬೇಕಾಯಿತು. ತುಮಕೂರಿನಲ್ಲಿ ಲಾಯರುಗಳಿಗೆ ಬರವೇ? ಆದರೂ ಗುಬ್ಬಿಯಿಂದ ಬಸ್ಸು ಇಳಿದವಳು ನೇರ ನಿನ್ನ ಆಫೀಸಿನ ಮೆಟ್ಟಿಲು ಹತ್ತಿದೆ. ನಮ್ಮೂರವನು, ಗೊತ್ತಿರುವವನು, ನಮಗೆ ಮೋಸ ಮಾಡುತ್ತಾನೆಯೇ ಎಂದು. ನಮ್ಮ ಕಡೆಯವರೆಲ್ಲ ಹೀಗೆಯೇ. ಬದನೆಕಾಯಿ ಕೊಳ್ಳುವಾಗ ನಾಲ್ಕು ಅಂಗಡಿ ತಿರುಗುತ್ತೇವೆ, ಮನೆ ಕೊಳ್ಳುವಾಗ ಊರಿನವನನ್ನು ಹುಡುಕುತ್ತೇವೆ.

ಮೊದಲ ದಿನವೇ ಕೇಳಿದೆ, ಫೀಸು ಎಷ್ಟಾಗುತ್ತದಪ್ಪ ಎಂದು. ನೀನು ನಾಲಿಗೆ ಕಚ್ಚಿಕೊಂಡೆ. “ನಿಮ್ಮತ್ರ ಫೀಸಾ ಅಕ್ಕ? ಸುಮ್ಕಿರಿ. ಊರಿಗೆ ಹೋದಾಗ ನಾಕ್ ತೆಂಗಿನಕಾಯಿ ತಂದಾಕಿ, ಸಾಕು” ಅಂದೆ. ನನಗೆ ಕಣ್ಣಲ್ಲಿ ನೀರು ಬಂತು, ಗಂಡನಿಲ್ಲದವಳು ಅಂತ ಇಷ್ಟು ಮಾಡುತ್ತಿದ್ದಾನಲ್ಲ ಎಂದು. ನಾಲ್ಕಲ್ಲ, ಎರಡು ಚೀಲ ತೆಂಗಿನಕಾಯಿ ಬಸ್ಸಿನ ಟಾಪಿಗೆ ಹಾಕಿಸಿ ತಂದೆ. ಈಗ ಹೇಳುತ್ತೇನೆ ಕೇಳು, ಆ ಫೀಸು ಬೇಡ ಅಂದದ್ದೇ ನೀನು ನನಗೆ ಮಾಡಿದ ಮೊದಲನೇ ಮೋಸ. ದುಡ್ಡು ಕೊಟ್ಟಿದ್ದರೆ ನಾನು ಕೇಳುತ್ತಿದ್ದೆ, ಮತ್ತೆ ಮತ್ತೆ ಕೇಳುತ್ತಿದ್ದೆ, ಉತ್ತರ ಬರುವ ತನಕ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಪುಕ್ಕಟೆ ಮಾಡಿಸಿಕೊಳ್ಳುವವಳಿಗೆ ಎರಡನೇ ಸಲ ಬಾಯಿ ಬಿಡಲು ಸಂಕೋಚ. ನಿನಗೆ ಅದು ಗೊತ್ತಿತ್ತು.

ಮೊದಲನೇ ಸಲ ನಾನು ಕೇಳಿದ್ದೆ. ಅದನ್ನು ನೀನು ಮರೆತಿರುವ ಹಾಗೆ ನಟಿಸುತ್ತೀಯ, ಆದ್ದರಿಂದ ಪೂರ್ತಿ ಬರೆಯುತ್ತೇನೆ. ಮನೆ ನೋಡಲು ಹೋದ ದಿನ ದ್ಯಾವಪ್ಪನ ಹೆಂಡತಿ ನನಗೆ ಒಂದು ಸ್ಟೀಲ್ ಚೊಂಬಿನಲ್ಲಿ ನೀರು ಕೊಟ್ಟಳು. ಕುಡಿದು ಕೆಳಗಿಡುವಾಗ ಅದರ ಕತ್ತಿನ ಸುತ್ತ ಕೆತ್ತಿದ ಅಕ್ಷರ ಕಂಡಿತು: ಚಿ. ಸೌ. ನರಸಮ್ಮನ ಮದುವೆ, 1982. ಯಾರಮ್ಮ ನರಸಮ್ಮ ಅಂದೆ. “ನಮ್ ನಾದ್ನಿ ಕಣಕ್ಕ. ಯಡಿಯೂರ್ಗೆ ಕೊಟ್ಟವ್ರೆ. ದೇವಸ್ಥಾನದ ಬೀದೀಲಿ ಹಣ್ಣುಕಾಯಿ ಅಂಗಡಿ ಮಡೀಕಂಡವ್ರೆ” ಅಂದಳು. ಅಲ್ಲಿಗೆ ನನಗೆ ತಿಳಿಯಿತು, ಕದರಯ್ಯನಿಗೆ ಮಗನ ಜೊತೆ ಒಬ್ಬಳು ಮಗಳೂ ಇದ್ದಾಳೆ ಎಂದು.

ರಿಜಿಸ್ಟ್ರೇಷನ್ ಬುಧವಾರ ಇತ್ತು. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಸಂತೆಯಷ್ಟು ಜನ. ನೀನು ಸ್ಟ್ಯಾಂಪ್ ಪೇಪರಿನ ಕಟ್ಟು ತಂದು ನನ್ನ ತೊಡೆಯ ಮೇಲಿಟ್ಟೆ. ನಾನು ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದೆ. ಎರಡನೇ ಪುಟದಲ್ಲಿ ಆ ಸಾಲು ಬಂತು. ಬೆರಳಿಟ್ಟು ತೋರಿಸಿ ಕೇಳಿದೆ, ತಂಗಿ ಇದ್ದಾಳಲ್ಲಪ್ಪ, ಇಲ್ಲ ಅಂತ ಯಾಕೆ ಬರೆದಿದ್ದೀಯ ಎಂದು. ನೀನು ಗಡಿಯಾರ ನೋಡಿಕೊಂಡು ನಕ್ಕೆ. “ಅಕ್ಕ, ಅದು ಬರೆಯೋ ಕ್ರಮ. ಎಲ್ಲಾ ಪತ್ರದಲ್ಲೂ ಹಂಗೇ ಹಾಕದು. ಮದುವೆ ಮಾಡ್ಕೊಟ್ಟ ಮೇಲೆ ಆ ಹೆಣ್ಮಗಳಿಗೆ ಇಲ್ಲೇನ್ ಕೆಲಸ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ನಿಮಗ್ ಗೊತ್ತಿಲ್ವಾ? ಹನ್ನೆರಡಕ್ಕೆ ರಾಹುಕಾಲ ಬರ್ತದೆ, ಅಷ್ಟರೊಳಗೆ ಸೈನ್ ಆಗೋಗ್ಲಿ. ನಾನು ಓದಿದೀನಲ್ಲ, ಬುಡಿ.”

ಬಿಟ್ಟೆ. ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು, ನಾನು ಎಲ್ಲ ಪುಟಕ್ಕೂ ಸಹಿ ಹಾಕಿದೆ. ರಾಹು ನನ್ನನ್ನು ಹಿಡಿದದ್ದು ಹನ್ನೆರಡಕ್ಕೆ ಮೊದಲೇ, ಕಪ್ಪು ಕೋಟು ಹಾಕಿಕೊಂಡು ಪಕ್ಕದಲ್ಲೇ ನಿಂತಿತ್ತು.

ನೀನು ಮಾಡಬೇಕಾದದ್ದು ಎಷ್ಟಿತ್ತು ಹೇಳು. ತುಮಕೂರಿನಿಂದ ಯಡಿಯೂರಿಗೆ ಒಂದು ದಿನದ ಓಡಾಟ. ಅವಳ ಅಂಗಡಿಯ ಮುಂದೆ ನಿಂತು, ಹೀಗೆ ಹೀಗೆ ನಿಮ್ಮಪ್ಪನ ಮನೆ ಮಾರುತ್ತಿದ್ದಾರೆ, ನಿಮ್ಮದು ಒಪ್ಪಿಗೆಯೋ, ಪಾಲು ಬೇಕೋ ಎಂದು ಕೇಳುವುದು. ಬೇಕು ಅಂದರೆ ನನಗೆ ಬಂದು ಹೇಳುವುದು, ಅಕ್ಕ, ಇದರಲ್ಲಿ ಇಬ್ಬರ ಸಹಿ ಬೇಕು, ಇಲ್ಲದಿದ್ದರೆ ಈ ಮನೆ ಬೇಡ ಎಂದು. ಇಷ್ಟಕ್ಕೇ ಅಲ್ಲವೇ ಜನ ಮನೆ ಕೊಳ್ಳುವಾಗ ನಿಮ್ಮಂಥವರ ಹತ್ತಿರ ಬರುವುದು? ಬಾಗಿಲು ಗಟ್ಟಿಯಿದೆಯೇ ಎಂದು ನಾನೇ ತಟ್ಟಿ ನೋಡಬಲ್ಲೆ, ಸೋರುವ ಮೂಲೆಯನ್ನು ಮೇಸ್ತ್ರಿ ತೋರಿಸುತ್ತಾನೆ. ಆ ಮನೆಗೆ ಇನ್ನು ಯಾರ್ಯಾರು ಬಾಧ್ಯಸ್ಥರು ಅನ್ನುವುದನ್ನು ನೋಡಬೇಕಾದವನು ನೀನು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಿಕೊಳ್ಳಲಿ?

ನರಸಮ್ಮನ ಮೇಲೆ ನನಗೆ ಮೊದಲು ಎಷ್ಟು ಸಿಟ್ಟಿತ್ತು ಅನ್ನುವುದನ್ನೂ ಮುಚ್ಚಿಡುವುದಿಲ್ಲ. 2005ರಲ್ಲಿ ಕೋರ್ಟಿನ ಅಮೀನರು ಸಮನ್ಸು ತಂದುಕೊಟ್ಟಾಗ ನಾನು ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಎರಡನೇ ಪ್ರತಿವಾದಿ ಭದ್ರಮ್ಮ ಎಂದು ಬರೆದಿತ್ತು. ಅರವತ್ತು ವರ್ಷ ಯಾರ ತಂಟೆಗೂ ಹೋಗದವಳಿಗೆ ಕೋರ್ಟು. ಅವಳಿಗೆ ಹಿಡಿಶಾಪ ಹಾಕಿದೆ. ನನಗೇನು ತವರು ಇರಲಿಲ್ಲವೇ? ನಮ್ಮಪ್ಪ ತೀರಿಕೊಂಡ ಮೇಲೆ ತಮ್ಮಂದಿರು ಸೀರೆ, ಕಣ, ಅರಿಶಿನ ಕುಂಕುಮ ತಟ್ಟೆಯಲ್ಲಿಟ್ಟು, ಅಕ್ಕ, ತೋಟ ಒಡೆಯುವುದು ಬೇಡ ಅಂದಾಗ ನಾನು ಒಂದು ಮಾತಾಡದೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ್ದೆ. ನಾನು ಬಿಟ್ಟಿದ್ದೇನೆ, ಇವಳಿಗೇನು ಬಂತು ದುರಾಸೆ? ಅದೇ ಮಾತನ್ನು ಅವಳ ಮುಖಕ್ಕೇ ಹೇಳಿದೆ, ಕೋರ್ಟಿನ ವರಾಂಡದ ಬೆಂಚಿನ ಮೇಲೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದೆವು, ಬೇರೆ ಜಾಗ ಇರಲಿಲ್ಲ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. “ನಿಮ್ಮನ್ನ ಕೇಳಿದ್ರು ಅಕ್ಕ, ನೀವು ಬಿಟ್ಕೊಟ್ರಿ. ನನ್ನ ಯಾರ್ ಕೇಳಿದ್ರು?” ಅಂದಳು. ಜಗಳದ ದನಿಯಲ್ಲ, ಕಾಯಿ ಒಡೆದು ಕೊಡುವಾಗ ಮಾತಾಡುವಷ್ಟೇ ಮೆತ್ತಗೆ. “ಮನೆ ಮಾರಿದ್ದು ನಂಗೆ ಅವಾಗ್ಲೇ ಗೊತ್ತಿತ್ತು. ಅಪ್ಪನ ಸಾಲ ಇತ್ತು, ಅದಕ್ಕೆ ಮಾರ್ದೆ ಅಂದ ನಮ್ಮಣ್ಣ. ಆಯ್ತು ಬುಡು ಅಂತ ಸುಮ್ಕಾದೆ. ಕರ್ದು ಒಂದ್ ಸೈನ್ ಹಾಕವ್ವ ಅಂದಿದ್ರೆ ಹಾಕ್ಬುಡ್ತಿದ್ದೆ. ಮೊನ್ನೆ ಹೆಣ್ಮಕ್ಕಳ ಪಾಲಿನ ಕಾನೂನು ಅಂತ ಪೇಪರ್ನಾಗೆ ಬಂತಲ್ಲ, ಅವಾಗ ನಮ್ ಹುಡ್ಗಿ ಕ್ರಯಪತ್ರದ ಕಾಪಿ ತೆಗ್ಸಿ ಓದಿ ಹೇಳಿದ್ಲು. ನಾನು ಹುಟ್ಟೇ ಇಲ್ಲ ಅಂತ ಬರ್ದವ್ರೆ ಅಕ್ಕ. ಹುಟ್ಟಿದೀನಿ ಅಂತ ತೋರ್ಸಕ್ಕೆ ಬಂದಿದೀನಿ.”

ಹನುಮಂತರಾಜು, ನನ್ನ ಕೆಲಸ ಏನಾಗಿತ್ತು ಅಂತ ನಿನಗೆ ಗೊತ್ತು. ಆದರೂ ಹೇಳುತ್ತೇನೆ. ಮೂವತ್ತಮೂರು ವರ್ಷ ಹೆರಿಗೆ ಮಾಡಿಸಿ, ಹುಟ್ಟಿದ ಕೂಸನ್ನು ರಿಜಿಸ್ಟರಿನಲ್ಲಿ ಬರೆದವಳು ನಾನು. ಎಷ್ಟೋ ಮನೆಗಳಲ್ಲಿ, ಹುಟ್ಟಿದ್ದು ಹೆಣ್ಣು ಅಂತ ಗೊತ್ತಾದರೆ ಅಜ್ಜನೋ ಅಪ್ಪನೋ ಜಗಲಿಯಿಂದಲೇ ಕೂಗುತ್ತಿದ್ದರು, “ಹೆಣ್ಣಾ? ಬರ್ಕಂಡೇನ್ ಮಾಡ್ತೀಯ ಬುಡವ್ವ” ಎಂದು. ನಾನು ಬಿಟ್ಟವಳಲ್ಲ. ಆ ಮನೆಯಲ್ಲಿ ಕಾಫಿ ಕೊಡಲಿ, ಕೊಡದಿರಲಿ, ತಾಯಿಯ ಹೆಸರು, ಹೊತ್ತು, ತೂಕ, ಹೆಣ್ಣು ಎಂದು ದುಂಡಗೆ ಬರೆದು ಕೆಳಗೆ ಸಹಿ ಹಾಕಿಯೇ ಬರುತ್ತಿದ್ದೆ. ಸತ್ತು ಹುಟ್ಟಿದ್ದನ್ನೂ ಬರೆದಿದ್ದೇನೆ. ಅಂಥ ನನ್ನ ಕೈಯಿಂದ, ಬದುಕಿ ಬಾಳುತ್ತಿರುವ ಒಬ್ಬ ಹೆಂಗಸು ಹುಟ್ಟಿಲ್ಲ ಎಂಬ ಕಾಗದಕ್ಕೆ ನೀನು ಸಹಿ ಹಾಕಿಸಿದೆ. ಮನೆ ಹೋಗುವುದಕ್ಕಿಂತ ಹೆಚ್ಚು ನನಗೆ ಇದು ಉರಿಯುತ್ತದೆ. 

ಇದೆಲ್ಲ ಆದಮೇಲೂ ನಾನು ಮತ್ತೆ ನಿನ್ನ ಹತ್ತಿರವೇ ಬಂದೆನಲ್ಲ, ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ನೀನು ದ್ಯಾವಪ್ಪನಿಗೂ ನನಗೂ ಸೇರಿಸಿ ಒಂದೇ ವಕಾಲತ್ತು ಹಾಕಿದೆ, ಆಗಲೂ ಫೀಸು ಬೇಡ ಅಂದೆ. ಕಳೆದ ಶ್ರಾವಣದಲ್ಲಿ ಕೇಸು ಮುಂದಕ್ಕೆ ಹೋದ ದಿನ ದ್ಯಾವಪ್ಪ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತ ಬಾಯಿ ಬಿಟ್ಟ. “ಲಾಯರ್ 98ರಾಗೆ ನಿಮ್ ಫೀಸೂ ಸೇರ್ಸಿ ನನ್ನತ್ರನೇ ಈಸ್ಕಂಡ್ರು ಭದ್ರಮ್ಮ. ತಂಗಿ ವಿಚಾರ ಅಂದೆ, ಅದನ್ನ ನಾನು ನೋಡ್ಕತೀನಿ, ನೀನು ಬಾಯಿ ಮುಚ್ಕಂಡಿರು ಅಂದ್ರು” ಎಂದ. ಅಲ್ಲಿಗೆ ನನಗೆ ಎಲ್ಲ ಅರ್ಥವಾಯಿತು. ಯಾರು ಕೊಟ್ಟರೋ ಅವರ ಲಾಯರು ನೀನು. ನಾನು ಬರೀ ತೆಂಗಿನಕಾಯಿ ಹೊತ್ತು ತಂದವಳು.

ಹೋದ ತಿಂಗಳು ಬಿಂದುಶ್ರೀ ಕೆಲಸ ಮಾಡುವ ಸ್ಕೂಲಿನವರು ಯಾರೋ ಹೇಳಿದರೆಂದು ಯಶಸ್ವಿನಿ ಎಂಬ ಹುಡುಗಿಯ ಹತ್ತಿರ ಹೋದೆ. ನಾಲ್ಕು ವರ್ಷದಿಂದ ಪ್ರಾಕ್ಟೀಸು ಮಾಡುತ್ತಿರುವವಳು, ಕಡಬದವಳಲ್ಲ, ನೆಂಟರವಳಲ್ಲ, ನಮ್ಮ ಜಾತಿಯವಳೋ ಅಲ್ಲವೋ ಅದೂ ಗೊತ್ತಿಲ್ಲ. ಮೊದಲು ಫೀಸು ಹೇಳಿ ರಸೀದಿ ಬರೆದುಕೊಟ್ಟಳು. ಆಮೇಲೆ ಎರಡು ಗಂಟೆ ಕೂರಿಸಿಕೊಂಡು ಎಲ್ಲ ಕಾಗದ ಓದಿದಳು. ಋಣಭಾರದ ಪತ್ರ, ಅದೇ ಇಸಿ, ತೆಗೆಸಿದ್ದೆವಲ್ಲಮ್ಮ, ಅದರಲ್ಲಿ ಏನೂ ಇರಲಿಲ್ಲ ಅಂದೆ. “ಇಸೀಲಿ ಸಾಲ ಇದ್ರೆ ಕಾಣತ್ತೆ ಆಂಟಿ, ತಂಗಿ ಇದ್ರೆ ಕಾಣಲ್ಲ. ಅದನ್ನ ಹೋಗಿ ವಿಚಾರ್ಸೋದೇ ಲಾಯರ್ ಕೆಲ್ಸ” ಅಂದಳು. ಹಾಗಾದರೆ ಈಗ ಏನು ದಾರಿ ಎಂದು ಕೇಳಿದೆ. ಅವಳು ಸುತ್ತಿ ಬಳಸಿ ಹೇಳಲಿಲ್ಲ. ನರಸಮ್ಮ ತಾನಾಗಿ ಹಕ್ಕು ಬಿಟ್ಟಿದ್ದಳು ಅನ್ನುವಂಥದ್ದೇನಾದರೂ ಕೋರ್ಟು ನಂಬಿದರೆ ಮನೆ ನನಗೆ ಉಳಿಯಲೂಬಹುದು. ನಿಜ ಹೇಳಿದರೆ ಅರ್ಧ ನರಸಮ್ಮನದು, ಇಷ್ಟು ಚಿಕ್ಕ ಮನೆಯನ್ನು ಅಡ್ಡಗೋಡೆ ಹಾಕಿ ಸೀಳಲಾಗುವುದಿಲ್ಲ, ಮಾರಿ ಹಂಚಿಕೊಳ್ಳಬೇಕಾಗಿ ಬರಬಹುದು. ದ್ಯಾವಪ್ಪನಿಂದ ವಸೂಲಿ ಮಾಡೋಣವೆಂದರೆ ಅವನ ಹತ್ತಿರ ಹೆಂಡತಿಯ ತಾಳಿ ಬಿಟ್ಟು ಏನೂ ಉಳಿದಿಲ್ಲ.

ನಿನ್ನ ಕಾಗದವನ್ನು ಬಿಂದುಶ್ರೀಯೂ ಓದಿದಳು. ಅವಳದ್ದು ನಿನ್ನ ಪಕ್ಷವೇ, ಸಂತೋಷಪಡು. “ಅಮ್ಮ, ನಾವೇನ್ ಕದ್ದಿದೀವಾ? ದುಡ್ಡು ಕೊಟ್ಟು ತಗೊಂಡಿರೋದು. ಒಂದ್ ಸೈನ್ ಹಾಕಿದ್ರೆ ಮುಗಿಯತ್ತೆ. ಈ ವಯಸ್ಸಲ್ಲಿ ಬಾಡಿಗೆ ಮನೆ ಹುಡ್ಕೋಣ್ವಾ?” ಎಂದು ಅತ್ತಳು. ಅವಳ ಮಾತಿನಲ್ಲಿ ತಪ್ಪೇನಿದೆ? ಇಪ್ಪತ್ತೊಂಬತ್ತಾಯಿತು ಅವಳಿಗೆ. ಸ್ವಂತ ಮನೆ ಇದೆ ಅಂತಲೇ ಈಗೀಗ ಎರಡು ಕಡೆಯಿಂದ ಕೇಳಿಕೊಂಡು ಬರುತ್ತಿದ್ದಾರೆ. ನಾನು ಎದ್ದು ಹೋಗಿ ಅನ್ನಕ್ಕಿಟ್ಟೆ, ಇಳಿಸುವುದು ಮರೆತುಹೋಯಿತು. ಗಂಜಿಯ ಹಾಗೆ ಬೆಂದ ಅನ್ನವನ್ನೇ ಇಬ್ಬರೂ ಉಂಡೆವು. ಇವತ್ತಿಗೆ ಮೂರನೇ ದಿನ, ಅವಳು ಇನ್ನೂ ನನ್ನ ಮುಖ ನೋಡಿ ಮಾತಾಡುತ್ತಿಲ್ಲ. ನೀನು ಒಂದು ದಿನದ ಓಡಾಟ ಉಳಿಸಿಕೊಂಡದ್ದಕ್ಕೆ ನನ್ನ ಮಗಳ ಕಣ್ಣಲ್ಲಿ ನೀರು ಬಂತು. ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಎರಡು ದಿನ ಯೋಚಿಸಿದೆ. ಪೆನ್ನನ್ನೂ ತೆಗೆದುಕೊಂಡೆ, ಸುಳ್ಳು ಯಾಕೆ ಹೇಳಲಿ. ಇಂಟು ಮಾರ್ಕಿನ ಪಕ್ಕದಲ್ಲಿ ‘ಭ’ ಅಂತ ಬರೆದಿದ್ದೇನೆ, ನೋಡಿದರೆ ನಿನಗೆ ಕಾಣುತ್ತದೆ. ಮುಂದಿನ ಅಕ್ಷರ ಬರೆಯಲಾಗಲಿಲ್ಲ. ಒಂದು ಸಲ ಅವಳನ್ನು ಅಳಿಸಿದ ಕಾಗದಕ್ಕೆ ಸಹಿ ಹಾಕಿದೆ, ಗೊತ್ತಿದ್ದೂ ಹಾಕಿದೆ. ಇನ್ನೊಂದು ಸಲ ಹಾಕಿದರೆ ನಿನ್ನನ್ನು ಬಯ್ಯಲು ನನಗೆ ಬಾಯಿ ಇರುವುದಿಲ್ಲ. ನಿನ್ನನ್ನು ಬಯ್ಯುವ ಹಕ್ಕನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ.

ನಿನ್ನ ನಾಲ್ಕು ಹಾಳೆಯನ್ನು ಈ ಪತ್ರದ ಜೊತೆ ವಾಪಸು ಕಳಿಸುತ್ತಿದ್ದೇನೆ. ಸೋಮವಾರ ಯಶಸ್ವಿನಿ ನಿನ್ನ ಆಫೀಸಿಗೆ ಬರುತ್ತಾಳೆ. ನನ್ನ ವಕಾಲತ್ತು ಅವಳಿಗೆ ಬಿಟ್ಟುಕೊಡಲು ಆಕ್ಷೇಪಣೆ ಇಲ್ಲ ಎಂದು ಬರೆದುಕೊಡು. ತಕರಾರು ಮಾಡಬೇಡ, ಅವಳನ್ನು ಕಾಯಿಸಬೇಡ, ಹೆಣ್ಣುಮಗಳು ಅಂತ ತಮಾಷೆ ಮಾಡಬೇಡ. ನಮ್ಮೂರಿನಲ್ಲಿ ನನ್ನ ತಮ್ಮಂದಿರಿಗೆ ಫೋನು ಮಾಡಿ, ಅಕ್ಕನಿಗೆ ಬುದ್ಧಿ ಹೇಳಿ ಅಂತಲೂ ಅನ್ನಬೇಡ. ನರಸಮ್ಮನಿಗೆ ನಾನು ಇದ್ಯಾವುದನ್ನೂ ಹೇಳಿಲ್ಲ. ಅವಳು ಕರಗಲಿ, ಮನೆ ಬಿಟ್ಟುಕೊಡಲಿ ಎಂದು ಈ ಕೆಲಸ ಮಾಡುತ್ತಿಲ್ಲ. ಅವಳು ಅರ್ಧ ಕೇಳಿದರೆ ಅರ್ಧ ಕೊಡುತ್ತೇನೆ.

ಗುರುವಾರ ನನ್ನನ್ನು ಕರೆದಾಗ ಕಟಕಟೆ ಹತ್ತುತ್ತೇನೆ. ಮೊಣಕಾಲು ನೋವು, ನಿಧಾನ ಆಗುತ್ತದೆ, ಜಡ್ಜು ಸಾಹೇಬರು ಕಾಯಲಿ. ಕದರಯ್ಯನಿಗೆ ಮಗಳಿದ್ದದ್ದು ನಿಮಗೆ ಗೊತ್ತಿತ್ತೇ ಎಂದು ಕೇಳಿದರೆ, ಗೊತ್ತಿತ್ತು ಅನ್ನುತ್ತೇನೆ. ಆ ಒಂದು ಮಾತಿಗೆ ನನ್ನ ಅರ್ಧ ಮನೆ ಹೋಗುತ್ತದೆ, ಗೊತ್ತು. ಗೊತ್ತಿದ್ದೂ ಯಾಕೆ ಸಹಿ ಹಾಕಿದಿರಿ ಎಂದು ಕೇಳಿಯೇ ಕೇಳುತ್ತಾರೆ. ಆಗ ನಾನು ನಿನ್ನ ಹೆಸರು ಹೇಳುತ್ತೇನೆ. ಊರಿನವನು ಅಂತ ದನಿ ಇಳಿಸುವುದಿಲ್ಲ. ನೀನು ಅವತ್ತು ದ್ಯಾವಪ್ಪನ ಪರವಾಗಿ ಅಲ್ಲೇ ಇರಬೇಕಲ್ಲ, ಇರು. ನಾನು ಹೇಳುವಾಗ ಫೈಲು ನೋಡಬೇಡ, ನನ್ನನ್ನು ನೋಡು.

ಬಯ್ದು ಮುಗಿಯಿತು. ಹಿರಿಯಳಾಗಿ ಹರಸದೆ ಕಾಗದ ಮುಚ್ಚುವ ಪದ್ಧತಿ ನಮ್ಮಲ್ಲಿ ಇಲ್ಲ, ಆದ್ದರಿಂದ ಹರಸುತ್ತೇನೆ. ಯಡಿಯೂರು ಸಿದ್ಧಲಿಂಗೇಶ್ವರ ನಿನಗೆ ನೂರು ವರ್ಷ ಆಯಸ್ಸು ಕೊಡಲಿ. ಇಷ್ಟು ವರ್ಷ ಎಷ್ಟು ಮನೆಯ ಪತ್ರದಲ್ಲಿ ಎಷ್ಟು ಹೆಣ್ಣುಮಕ್ಕಳನ್ನು ಬಿಟ್ಟಿದ್ದೀಯೋ, ಒಬ್ಬೊಬ್ಬರ ಬಾಗಿಲಿಗೂ ಹೋಗಿ ತಿದ್ದಿ ಬರಬೇಕಾದರೆ ನಿನಗೆ ಅಷ್ಟು ಆಯಸ್ಸು ಬೇಕಾಗುತ್ತದೆ.

ಇಂತಿ,
ಗೊತ್ತಿದ್ದೂ ಸಹಿ ಹಾಕಿದವಳು,
ಎರಡನೇ ಪ್ರತಿವಾದಿ ಭದ್ರಮ್ಮ